ಕಾರಿನ ಹಣೆಯ ಕುಂಕುಮ

ನಿನ್ನೆ ಅಂಚೆ ಕಚೇರಿಯಲ್ಲಿ ಅರಗು ಕರಗುವ ವಾಸನೆ ಮೂಗಿಗೆ ಬಡಿಯಿತು ನೋಡಿ, ಬಂದ ಕೆಲಸವನ್ನೇ ಮರೆತು ನಿಂತುಬಿಟ್ಟೆ. ಪೋಸ್ಟ್ ಮಾಸ್ತರರು ಕೆಂಪು ಅರಗಿನ ಕಡ್ಡಿಯನ್ನು ದೀಪಕ್ಕೆ ಹಿಡಿದಿದ್ದರು. ಮೇಜಿನ ಮೇಲೆ ಬಟ್ಟೆಯಲ್ಲಿ ಹೊಲಿದ ನನ್ನದೇ ಪಾರ್ಸೆಲ್ಲು. ಒಳಗಿದ್ದದ್ದು ಒಂದು ಟ್ರಾನ್ಸಿಸ್ಟರ್ ರೇಡಿಯೊ. ಮಗನ ಮದುವೆಯಾಗಿ ಸೊಸೆ ಮನೆಗೆ ಬಂದ ಹೊಸತರಲ್ಲೇ ಬಳ್ಳಾರಿಯಿಂದ ತಂದದ್ದು. ನಾಲ್ಕು ಹಾಡು ಹಾಡಿತು, ಕೆಮ್ಮಿತು, ಆಮೇಲೆ ಮೌನವ್ರತ ಹಿಡಿಯಿತು. ಕೇಳಿದರೆ ಅಂಗಡಿಯವನು, "ಟಪಾಲಿಗೆ ಹಾಕಿ, ನೋಡೋಣ" ಎಂದ. ಪಕ್ಕದ ಮನೆಯಾಕೆ ಮಾತ್ರ ನೋಡುವ ತೊಂದರೆಯನ್ನೂ ತೆಗೆದುಕೊಳ್ಳದೆ ಹೇಳಿಬಿಟ್ಟಳು: "ಹೊಸ ಸೊಸಿ ಬಾಯಿ ಬಿಡೂದ್ರಾಗ ಹೊಸ ರೇಡಿಯಾ ಬಾಯಿ ಮುಚ್ಚಿತು ನೋಡ್ರಿ!"

ನಗುತ್ತಲೇ ಹೇಳಿದಳು. ಸೊಸೆಯೂ ನಕ್ಕಳು. ಆದರೆ ಆ ನಗೆ ನನಗೆ ಗುರುತಿನದು. ತುಟಿ ನಗುತ್ತದೆ, ಕೈ ಮಾತ್ರ ಸೆರಗಿನ ಅಂಚನ್ನು ಹಿಂಡುತ್ತಿರುತ್ತದೆ. ನಾನೂ ಒಂದು ಕಾಲಕ್ಕೆ ಹಾಗೆ ನಕ್ಕವಳೇ.

ಆಗಿನ್ನೂ ಮದರಾಸಿನ ಸರಕಾರ. ನಾನು ಮಡಕಶಿರದ ಹುಡುಗಿ, ರಾಯದುರ್ಗದ ಸೊಸೆ. ಎರಡೂ ಊರು ಕನ್ನಡವನ್ನೇ ಆಡುತ್ತವೆ, ತೆಲುಗನ್ನೂ ಆಡುತ್ತವೆ, ಆದರೂ ಬಂದ ಹೊಸತರಲ್ಲಿ ನಾನು "ಕಡ್ಲೆಕಾಯಿ ಎಲ್ಲೈತೆ?" ಎಂದರೆ ಅಡಿಗೆಮನೆಯೆಲ್ಲ ನಗುತ್ತಿತ್ತು. ಇಲ್ಲಿ ಅದು ಶೇಂಗಾ. ನಮ್ಮ ಮಾವನವರಿಗೆ ಬಜಾರಿನಲ್ಲಿ ಶೇಂಗಾ ಎಣ್ಣೆಯ ಮಂಡಿಯಿತ್ತು. ಮನೆಯಲ್ಲಿ ಬಾಗಿಲ ಚಿಲಕದಿಂದ ಹಿಡಿದು ಮಾವನವರ ಮೀಸೆಯ ತನಕ ಎಲ್ಲಕ್ಕೂ ಎಣ್ಣೆ. ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಆ ವರ್ಷ ಶ್ರಾವಣ ಸೋಮವಾರ ಮಾವನವರು ಬಳ್ಳಾರಿಯ ಮೋಟಾರು ಕಂಪನಿಯಿಂದ ಹೊಸ ಕಾರು ತಂದರು. ಆಗೆಲ್ಲ ಕಾರು ಮದರಾಸಿನಿಂದ ರೈಲಿನ ವ್ಯಾಗನ್ನಿನಲ್ಲಿ ಬರುತ್ತಿತ್ತು. ಮಾರುವ ಕಂಪನಿಯವರು ಅದರ ಜಿಡ್ಡು ಒರೆಸಿ, ತಿರುಪು ಬಿಗಿದು, ಎಲ್ಲೆಲ್ಲಿ ಏನೇನು ಎಣ್ಣೆ ತುಂಬಬೇಕೋ ತುಂಬಿ ಕೊಡಬೇಕಿತ್ತು. ಮಾವನವರಿಗೆ ಎಣ್ಣೆಗಿಂತ ಘಳಿಗೆ ಮುಖ್ಯ. ಅಮೃತ ಘಳಿಗೆ ಮೀರುತ್ತದೆಂದು ಕಂಪನಿಯ ಬಾಗಿಲಲ್ಲೇ ನಿಂತು, "ಬಿಡ್ರಿ, ಬಿಡ್ರಿ, ಸಾಕು" ಎಂದು ಅವಸರಿಸಿ ಹೊರಡಿಸಿಕೊಂಡು ಬಂದಿದ್ದರಂತೆ.

ಸಂಜೆ ಕಾರು ಬಂದು ಮನೆ ಮುಂದೆ ನಿಂತಿತು. ಹಿಂಭಾಗದಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಡ್ರೈವರ್ ಖಾದರ್ ಹುಬ್ಬು ಗಂಟಿಕ್ಕಿದ. "ಹೊಸದಲ್ಲೇನು, ಸ್ವಲ್ಪ ನಾಚಿಕಿ ಇರತೈತಿ, ಹೋಗತ್ತ ಹೋಗತ್ತ ಬಾಯಿ ಬಿಡತೈತಿ" ಎಂದರು ಮಾವ. ನಾನೂ ಹೊಸಬಳೇ ಆಗಿದ್ದರಿಂದ ಆ ಮಾತನ್ನು ಒಪ್ಪಿಕೊಂಡೆ.

ಅತ್ತೆಯವರು ಆರತಿ ತಂದರು. ಅವರ ಪೂಜೆಯೆಂದರೆ ಅರೆಬರೆಯದಲ್ಲ. ಮುಂಭಾಗಕ್ಕಾಯಿತು, ಚಕ್ರಗಳಿಗಾಯಿತು. ಕೊನೆಗೆ ಹಿಂದೆ ಹೋಗಿ ಬಗ್ಗಿ ನೋಡಿದರು. ಎರಡು ಹಿಂಗಾಲಿಗಳ ನಡುವೆ, ಅಚ್ಚಿನ ಮೇಲೆ, ಕುಂಬಳಕಾಯಿಯಂಥ ದುಂಡನೆಯ ಉಬ್ಬು. ಅದರ ನಟ್ಟ ನಡುವೆ ಒಂದು ತಿರುಪು, ತಿರುಪಿನ ಮೇಲೆ ದುಂಡಗೆ, ಕೆಂಪಗೆ ಒಂದು ಬೊಟ್ಟು.

"ನೋಡ ನಮ್ಮವ್ವ, ಕಂಪನಿಯವರು ಎಷ್ಟು ಛಲೋ ಮಂದಿ! ಹಣಿಗೆ ಅವರೇ ಕುಂಕುಮ ಇಟ್ಟು ಕಳಿಸ್ಯಾರ" ಎಂದು ಅತ್ತೆಗೆ ಬಲು ಸಂತೋಷವಾಯಿತು. ಅದರ ಮೇಲುಗಡೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಕಾರಿಗೆ ಹಣೆ ಇರುವುದು ಹಿಂದುಗಡೆ ಎಂದು ಆ ದಿನ ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ಖಾದರನಿಗೆ ಕಟ್ಟಪ್ಪಣೆ: ಕಾರು ಎಷ್ಟು ಬೇಕಾದರೂ ತೊಳಿ, ಆ ಕುಂಕುಮಕ್ಕೆ ಮಾತ್ರ ಕೈ ಹಚ್ಚಬ್ಯಾಡ. ಇಟ್ಟ ಕುಂಕುಮವನ್ನು ಒರೆಸುವುದೆಂದರೆ ಅತ್ತೆಯ ಲೆಕ್ಕದಲ್ಲಿ ಮನೆಯ ದೀಪ ಆರಿಸಿದಂತೆ. ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ಕಾರಿನ ಹಣೆಗೆ ಹೊಸ ವಿಭೂತಿ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಸೀರೆ ಎತ್ತಿಕಟ್ಟಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಹಚ್ಚುತ್ತಿದ್ದೆ. ಬೀದಿಯಲ್ಲಿ ಹೋಗುವವರಿಗೆ ನಾನು ಕಾರಿಗೆ ನಮಸ್ಕಾರ ಮಾಡುವಂತೆ ಕಾಣುತ್ತಿತ್ತೇನೋ.

ಗೌರಿ ಹಬ್ಬ ಹತ್ತಿರ ಬಂತು. ಈ ಕಡೆಯವರು ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆದರೆ ನಮ್ಮ ಮಡಕಶಿರದವರು ಗೌರಿಗೆ ಕರೆಯುತ್ತಾರೆ. "ಸೊಸಿ ಕಾರಿನಾಗ ಹೋಗ್ಲಿ, ಬೀಗರೂ ನೋಡ್ಲಿ" ಎಂದರು ಮಾವ. ಅಷ್ಟು ದಿನ ಕಾರು ಬಜಾರಿಗೆ ಹೋಗಿ ಬರುವುದು ಬಿಟ್ಟರೆ ನಿಂತಲ್ಲೇ ನಿಂತಿತ್ತು. ದೂರದ ದಾರಿ ಹಿಡಿದದ್ದು ನನ್ನನ್ನು ಕೂರಿಸಿಕೊಂಡೇ. ಜೊತೆಗೆ ನನ್ನ ಗಂಡ, ರೊಟ್ಟಿಯ ಬುತ್ತಿ, ಉಂಡಿಯ ಡಬ್ಬಿ, ಅಪ್ಪನ ಮನೆಗೆಂದು ಒಂದು ದೊಡ್ಡ ಡಬ್ಬಿ ಶೇಂಗಾ ಎಣ್ಣೆ.

ದಾರಿಯಲ್ಲಿ ಸಿಗುವ ಕಲ್ಯಾಣದುರ್ಗ ಇನ್ನೂ ದೂರವಿತ್ತು. ಗುಂಯ್ ಎನ್ನುತ್ತಿದ್ದದ್ದು ಊಳಿಡತೊಡಗಿತು. ಕಮಟು ವಾಸನೆ. ಆಮೇಲೆ ಫಟ್ ಎಂದು ಏನೋ ಮುರಿಯಿತು. ಎಂಜಿನ್ ಓಡುತ್ತಿತ್ತು, ಕಾರು ನಿಂತಿತ್ತು. ಖಾದರ್ ಕೆಳಗೆ ನುಸುಳಿ ಆ ಕುಂಬಳಕಾಯಿಯನ್ನು ಮುಟ್ಟಿ, ಅದರ ಬಿಸಿ ನೋಡಿ ಬಂದ. "ಒಳಗ ಎಣ್ಣಿ ಹಾಕ್ಯಾರೋ ಇಲ್ಲೋ ಅಂತ ನನಗ ಸಂಶೇವ್ರಿ" ಎಂದ. ಹಿಂದಿನ ಸೀಟಿನಲ್ಲಿ ಡಬ್ಬಿ ತುಂಬ ಎಣ್ಣೆ ತೊಡೆಗೊತ್ತಿಕೊಂಡು ನಾನು ಕೂತಿದ್ದೆ.

ಎರಡು ಜೊತೆ ಎತ್ತು ಕಟ್ಟಿ ಕಾರನ್ನು ಹಿಂದಕ್ಕೆ ಎಳೆಸಿದೆವು. ರಾಯದುರ್ಗದ ಬಜಾರಿನಲ್ಲಿ ಆ ಮೆರವಣಿಗೆ ಹಾದಾಗ ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದೆ. "ಏನ್ ಶೆಟ್ರ ಕಾರೋ ಮಾರಾಯ, ಹೊಟ್ಟಿಗೆ ಹುಲ್ಲು ಹಾಕಬೇಕು!" ಎಂದು ಯಾರೋ ಕೂಗಿದರು.

ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಮನೆಯಲ್ಲಿ ಮಾವನವರ ಅಕ್ಕ ನಿಂಗಮ್ಮನವರಿದ್ದರು. ಅವರು ಜಪದ ಮಣಿ ಎಣಿಸುತ್ತ, ಯಾರನ್ನೂ ನೋಡದೆ ಅಂದರು: "ಬಳ್ಳಾರಿಂದ ಬರೂವಾಗ ಏನೂ ಆಗಲಿಲ್ಲ. ಈಕಿ ಕಾಲಿಟ್ಟಕೂಡ್ಲೆ ಮುರೀತು. ಕಾಲ್ಗುಣ ಅನ್ನೂದು ಸುಳ್ಳಲ್ಲವ್ವಾ."

ಕಾಲ್ಗುಣ! ಮೋಟಾರಿನ ಅಚ್ಚಾದರೆ ಬಿಚ್ಚಿ ಬದಲಿಸಬಹುದು. ಹೊಸ ಸೊಸೆಯ ಕಾಲಿಗೆ ಅಂಟಿದ ಆ ಮಾತನ್ನು ಯಾವ ಮಿಸ್ತ್ರಿ ಬಿಚ್ಚುತ್ತಾನೆ? ಮುಂದೆ ಎಮ್ಮೆ ಹಾಲು ಬತ್ತಿದರೂ ನಾನೇ, ಹಂಚು ಒಡೆದರೂ ನಾನೇ. ನಾನು ನಕ್ಕೆ. ಸೆರಗಿನ ಅಂಚು ಮುದ್ದೆಯಾಯಿತು.

ತಂತಿ ಕೊಟ್ಟದ್ದಕ್ಕೆ ಬಳ್ಳಾರಿಯಿಂದ ಮ್ಯಾನೇಜರು ಬಂದರು. ಬಿಳಿ ದೊರೆಗಳು ಹಾಕುವಂಥ ಬೆಂಡಿನ ಟೋಪಿ, ಬಿಳಿ ಷರಾಯಿ, ಜೊತೆಗೊಬ್ಬ ಮಿಸ್ತ್ರಿ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತೀರ್ಪು ಕೊಟ್ಟರು: "ನಿಮ್ಮ ರಸ್ತೆ ಕೆಟ್ಟದು. ಸಾಲದ್ದಕ್ಕೆ ಎತ್ತಿನ ಗಾಡಿಗೆ ಹೇರಿದ ಹಾಗೆ ಡಬ್ಬಿ, ಬುತ್ತಿ ಹೇರಿದ್ದೀರಿ. ಕಂಪನಿ ಜವಾಬ್ದಾರಿ ಅಲ್ಲ."

"ಎಣ್ಣಿ ಹಾಕಿದ್ರೇನು?" ಎಂದರು ಮಾವ.

"ನಾನೇ ನಿಂತು ಹಾಕಿಸಿದ್ದೇನೆ ಶೆಟ್ಟರೇ. ಹಿಂದೆ ಒಂದು ತಿರುಪಿದೆ, ಅದನ್ನು ಬಿಚ್ಚಿ ತುಂಬಬೇಕು. ಇರುವುದೇ ಅದೊಂದು ದಾರಿ."

ಬಾಗಿಲ ಹಿಂದೆ ನಿಂತಿದ್ದ ನಾನು ಕಿವಿ ನಿಮಿರಿಸಿದೆ. ಆ ತಿರುಪಿನ ಮುಖವನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಯಾರಿದ್ದಾರೆ? ಅತ್ತೆಯ ಕಿವಿಗೆ ಬಗ್ಗಿದೆ: "ಅತ್ತೆ, ಆ ಕುಂಕುಮ ಕಾರು ಬಂದ ದಿನಾನೇ ಇತ್ತಲ್ವಾ? ದಿನಾ ನೋಡ್ತಿದ್ದೀನಿ, ಒಂದು ಚೂರೂ ಬಿರುಕು ಬಿಟ್ಟಿಲ್ಲ. ತಿರುಪು ಬಿಚ್ಚಿದ್ರೆ ಅದು ಹೆಂಗೆ ಉಳೀತಿತ್ತು?"

ಅತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೇ ಇಳಿದರು.

"ಮ್ಯಾನೇಜರ್ರ, ಯಾವ ತಿರುಪು? ತೋರಸ್ರಿ."

ಮ್ಯಾನೇಜರು ಬಗ್ಗಿದರು. "ಇದೇನಮ್ಮಾವ್ರೇ, ಇದಕ್ಕೆಲ್ಲ ವಿಭೂತಿ, ಕುಂಕುಮ ಬಳಿದಿದ್ದೀರಿ!"

"ಈಬತ್ತಿ ನಮ್ದು, ಕುಂಕುಮ ನಿಮ್ದು."

"ಕಂಪನಿಯವರು ಕುಂಕುಮ ಇಡ್ತಾರೆಯೇ?" ಮ್ಯಾನೇಜರು ನಕ್ಕರು. "ನೀವೇ ಹಚ್ಚಿ ಹಚ್ಚಿ ಗಟ್ಟಿಯಾಗಿದೆ."

"ಹಂಗಾರ ಒರಸ್ರಿ. ನಾವು ಒರಸಂಗಿಲ್ಲ. ನೀವು ಒರಸ್ರಿ."

ಅವರು ಬಿಳಿ ಕರವಸ್ತ್ರ ತೆಗೆದು ಉಜ್ಜಿದರು. ವಿಭೂತಿಯೆಲ್ಲ ಬಂತು. ಕೆಂಪು ಬರಲಿಲ್ಲ. ಮತ್ತೆ ಉಜ್ಜಿದರು. ಕರವಸ್ತ್ರಕ್ಕೆ ಕೆಂಪಿನ ಸೋಂಕೂ ಇಲ್ಲ. ವಿಭೂತಿ ಹೋದ ಮೇಲೆ ಆ ಕೆಂಪಿನಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರಗಳು ಕಂಡವು. ಮ್ಯಾನೇಜರ ನಗೆ ನಿಂತಿತು. ಅತ್ತೆ ಮಿಸ್ತ್ರಿಯ ಕಡೆ ತಿರುಗಿ, "ಕಡ್ಡಿ ಗೀರಪಾ" ಎಂದರು. ಅವನು ಗೀರಿ ಹಿಡಿದ. ಕುಂಕುಮ ಕರಗಿ ತೊಟ್ಟು ತೊಟ್ಟಾಗಿ ನೆಲಕ್ಕೆ ಬಿತ್ತು. ಬೀದಿಗೆಲ್ಲ ಅರಗಿನ ವಾಸನೆ.

"ಇದು ಕಾರ್ಖಾನೆಯ ಮುದ್ರೆ ಸಾರ್," ಎಂದ ಮಿಸ್ತ್ರಿ ಮೆಲ್ಲಗೆ. "ಎಣ್ಣೆ ತುಂಬುವಾಗ ಒಡೆಯಬೇಕು, ಒಡೆದೇ ಇರಲಿಲ್ಲ."

ತಿರುಪು ಬಿಚ್ಚಿದರು. ಒಳಗೆ ಬೆರಳಾಡಿಸಿದರೆ ಕಬ್ಬಿಣದ ಪುಡಿ ಬಂತು, ಎಣ್ಣೆ ಬರಲಿಲ್ಲ.

ಮ್ಯಾನೇಜರಿಗೆ ಇನ್ನೊಂದು ದಾರಿ ಉಳಿದಿತ್ತು. "ಶೆಟ್ಟರೇ, ನೀವು ಮುಹೂರ್ತ ಅಂತ ಅವಸರ ಮಾಡಿದಿರಿ..." ಮಾವನವರು ತಲೆ ತಗ್ಗಿಸಿದರು. ಅತ್ತೆ ತಗ್ಗಿಸಲಿಲ್ಲ.

"ಉಣ್ಣಾಕ ಬಂದವರು ಗಡಿಬಿಡಿ ಮಾಡಿದ್ರ ಬೇಯದ ಅನ್ನ ನೀಡತೀರೇನ್ರಿ? ತಡೀರಿ, ಬೆಂದಿಲ್ಲ ಅನ್ನಬೇಕು. ಒಲಿ ಮುಂದ ಇದ್ದವರು ನೀವು. ಅವಸರ ನಮ್ದಿರಬೋದು, ಅಡಿಗಿ ನಿಮ್ದು."

ಸುತ್ತ ನೆರೆದಿದ್ದ ಬಜಾರು ಹೋ ಎಂದಿತು. ಮೊನ್ನೆ ಹುಲ್ಲು ಹಾಕಿ ಎಂದು ಕೂಗಿದ ದನಿಯೂ ಅದರಲ್ಲಿತ್ತು. ಮ್ಯಾನೇಜರು ಟೋಪಿ ತೆಗೆದರು. ಹೊಸ ಅಚ್ಚು ಕಂಪನಿಯ ಖರ್ಚಿನಲ್ಲೇ ಹಾಕಿಕೊಡುತ್ತೇವೆ ಎಂದರು.

"ಅದು ಇರ್ಲಿ. ತಪ್ಪು ಯಾರದು, ಅದನ್ನ ಬಾಯಿ ಬಿಟ್ಟು ಹೇಳ್ರಿ."

"ನಮ್ಮದೇ ಅಮ್ಮಾವ್ರೇ."

"ಹಿಂಗ ಪಿಸುಗುಟ್ಟಿದ್ರ ಆಗಂಗಿಲ್ಲ. ಒಳಗ ನಮ್ಮ ನಿಂಗಕ್ಕ ಕುಂತಾಳ, ಕಿವಿ ಸ್ವಲ್ಪ ಮಂದ. ಆಕಿಗೆ ಮುಟ್ಟಬೇಕು."

ಬೆಂಡಿನ ಟೋಪಿಯನ್ನು ಕೈಯಲ್ಲಿ ಹಿಡಿದು, ನಮ್ಮ ಮನೆಯ ಬಾಗಿಲಿಗೆ ಮುಖ ಮಾಡಿ, ಬಳ್ಳಾರಿಯ ಮೋಟಾರು ಕಂಪನಿ ಕೂಗಿತು: "ತಪ್ಪು ಕಂಪನಿಯದು! ಮನೆಯವರದು ಯಾರದೂ ಅಲ್ಲ!"

ಒಳಗಿಂದ ನಿಂಗಮ್ಮನವರ ದನಿ ಬಂತು: "ಯಾಕ ಅಷ್ಟ ಒದರತಾನವ್ವಾ? ನಾವೇನು ಕಿವುಡರೇನು?"

ಅತ್ತೆ ಇನ್ನೂ ಮುಗಿಸಿರಲಿಲ್ಲ. ಸೊಸೆ ಗೌರಿಗೆ ತವರಿಗೆ ಹೋಗಬೇಕು, ಕಂಪನಿಯ ಕಾರಿನಲ್ಲೇ ಹೋಗಬೇಕು ಎಂದರು. ಮರುದಿನ ಮ್ಯಾನೇಜರೇ ಚಕ್ರ ಹಿಡಿದು ಕೂತರು. ಹೊರಡುವ ಮುನ್ನ ಅತ್ತೆ ಹಿಂದೆ ಹೋಗಿ ಬಗ್ಗಿದರು. "ಇದರ ಹಣಿಗೆ ಕುಂಕುಮ ಇಲ್ಲ. ಹೋಗಿ ಬಾ ನಮ್ಮವ್ವ" ಎಂದರು.

ಮಡಕಶಿರದಲ್ಲಿ ಅಪ್ಪ ಬಾಗಿಲಿಗೆ ಬಂದು ಬೆರಗಾದರು. "ಏನವ್ವಾ, ನಿಮ್ ಡ್ರೈವರು ದೊರೆ ಟೋಪಿ ಹಾಕ್ಕಂಡವ್ನೆ?"

"ಡ್ರೈವರ್ ಅಲ್ಲ ಕಣಪ್ಪ, ಕಂಪನಿ ಮ್ಯಾನೇಜರು" ಎಂದೆ, ಎಣ್ಣೆ ಡಬ್ಬಿಯನ್ನು ಹೊರಲು ಮ್ಯಾನೇಜರ ಕೈಗೇ ಕೊಡಿಸುತ್ತ. ಅಂಥ ಗೌರಿ ಹಬ್ಬ ನಾನು ಮತ್ತೆ ಕಂಡಿಲ್ಲ.

ತಿರುಗಿ ಬಂದಾಗ ನಿಂಗಮ್ಮನವರು ಮಣಿ ಎಣಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನೀ ಹಚ್ಚಿದ ಈಬತ್ತಿ ಗಟ್ಟಿ ಐತವ್ವಾ" ಎಂದರು. ಕಾಲಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ನಾವು ಅಷ್ಟು ದಿನ ಪೂಜಿಸಿದ್ದು ಅರಗಿನ ಮುದ್ರೆಯನ್ನು ಎಂದು ನಾನೂ ಅತ್ತೆಯೂ ರೊಟ್ಟಿ ಬಡಿಯುವಾಗಲೆಲ್ಲ ನೆನೆದು ನಗುತ್ತಿದ್ದೆವು. ಆ ನಗೆಗೆ ಸೆರಗಿನ ಅಂಚು ಬೇಕಾಗುತ್ತಿರಲಿಲ್ಲ.

"ಒತ್ತಲೇನ್ರೀ ಅಮ್ಮಾ?" ಎಂದರು ಪೋಸ್ಟ್ ಮಾಸ್ತರರು. ಕೈಯಲ್ಲಿ ಮುದ್ರೆ, ಅರಗು ತೊಟ್ಟಿಕ್ಕಲು ಸಿದ್ಧ.

"ಬ್ಯಾಡ್ರಿ. ಪಾರ್ಸೆಲ್ಲು ಹಿಂದಕ್ಕ ಕೊಡ್ರಿ."

"ಅರಗು ಕರಗಿಸೀನಲ್ರೀ!"

"ಕರಗಿದ್ದು ಛಲೋ ಆತ್ರಿ" ಎಂದು ಪಾರ್ಸೆಲ್ಲನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ಸೊಸೆ ಅಕ್ಕಿ ಆರಿಸುತ್ತಿದ್ದಳು. "ನಾಳೆ ಬಳ್ಳಾರಿಗೆ ಹೋಗೂಣು ನಮ್ಮವ್ವ, ರೇಡಿಯಾ ತಗೊಂಡು" ಎಂದೆ.

"ಅಲ್ಲಿ ನಾ ಏನ್ ಮಾತಾಡ್ಲಿ ಅತ್ತಿ?"

"ನೀ ಏನೂ ಮಾತಾಡಬ್ಯಾಡ. ಕೇಳಿಸ್ಕೊಂಡ್ರ ಸಾಕು."

ಬೆಳಗಿನ ಗಾಡಿಗೆ ಹೊರಟಿದ್ದೇವೆ, ಮೂವರು. ಮೂರನೆಯವಳು ಪಕ್ಕದ ಮನೆಯಾಕೆ. ಆಕೆಗೆ ಬಳ್ಳಾರಿಯ ಬಜಾರು ತೋರಿಸಿಕೊಂಡು ಬರುತ್ತೇನೆಂದಷ್ಟೇ ಹೇಳಿದ್ದೇನೆ. ಆಕೆಯ ಕಿವಿ ಬಲು ಚುರುಕು, ಅಂಗಡಿಯವನು ಕೂಗಬೇಕಾಗಿಲ್ಲ.