ಕೌಂಟಿ ಜೈಲಿನಲ್ಲಿ ತಮ್ಮನ ಹೆಸರು ಸಿಕ್ಕ ದಿನ

ಕಳೆದ ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ, ನನ್ನ ತಮ್ಮ ಮಹೇಶ ಡಲ್ಲಾಸ್ ಕಡೆಯ ಕೌಂಟಿಯ, ಅಂದರೆ ಜಿಲ್ಲೆಯ, ಜೈಲಿನಲ್ಲಿದ್ದಾನೆ ಎಂದು ಫೋನ್ ಬಂತು. ಮಾಡಿದವರು ಅಲ್ಲೇ ಹತ್ತಿರದ ಯೂಲೆಸ್ ಊರಿನಲ್ಲಿ ಅವನ ಜೊತೆ ಮನೆ ಹಂಚಿಕೊಂಡಿದ್ದ ಮೈಸೂರಿನ ಗೆಳೆಯರು.

"ಶನಿವಾರ ಕುಡಿದು ಡ್ರೈವ್ ಮಾಡಿ, ನಿಂತಿದ್ದ ಗಾಡಿಗೆ ಗುದ್ದಿಬಿಟ್ರು ಮೇಡಂ. ಯಾರಿಗೂ ಏನೂ ಆಗಿಲ್ಲ. ಒಳಗಿಂದ ಫೋನ್ ಮಾಡ್ಬೇಕಂದ್ರೆ, ಸೋಪು ತಗೋಬೇಕಂದ್ರೂ ಅವರ ಅಕೌಂಟಲ್ಲಿ ದುಡ್ಡಿರ್ಬೇಕಂತೆ. ನೀವು ಸ್ವಲ್ಪ ಹಾಕ್ತೀರಾ?"

ನಾವು ಬಾಗಲಕೋಟೆಯವರು. ಮನೆದೇವರು ಬನಶಂಕರಿ. ಟೆಕ್ಸಾಸಿನ ರೌಂಡ್ ರಾಕ್‌ಗೆ ಬಂದು ಹದಿನಾರು ವರ್ಷವಾಯಿತು. ಮಹೇಶನ ಜೊತೆ ನಾನು ಮಾತು ಬಿಟ್ಟು ಎರಡು ವರ್ಷವಾಗಿತ್ತು. ನನ್ನ ಮಗಳು ಸ್ನೇಹಾ ಡಿಗ್ರಿ ಮುಗಿಸಿದಾಗ ಇಟ್ಟುಕೊಂಡಿದ್ದ ಊಟಕ್ಕೆ ಅವನು ಕುಡಿದು ಬಂದಿದ್ದ. ಎಲ್ಲರೆದುರು ಅವನಿಗೆ, "ಇನ್ನ ನನಗ ನಿನ್ನ ಮಾರಿ ತೋರಸಬ್ಯಾಡ" ಎಂದಿದ್ದೆ. ಅವನು ಮುಖ ತೋರಿಸಲಿಲ್ಲ.

ಸಿಟ್ಟು ಇದ್ದೇ ಇತ್ತು. ಆದರೂ ದುಡ್ಡು ಹಾಕೋಣವೆಂದು ಕಂಪ್ಯೂಟರಿನ ಮುಂದೆ ಕುಳಿತೆ. ಜೈಲಿನ ವೆಬ್‌ಸೈಟಿನಲ್ಲಿ ಅವನ ಹೆಸರು ಬರೆದೆ, ಅಂಥವರು ಯಾರೂ ಇಲ್ಲ ಎಂದು ಬಂತು. ಅಕ್ಷರ ಬದಲಿಸಿದೆ, ಅಪ್ಪನ ಹೆಸರು ಸೇರಿಸಿದೆ, ಮನೆತನದ ಹೆಸರು ಹಾಕಿದೆ. ಜೈಲಿಗೆ ಫೋನ್ ಮಾಡಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಆ ಹೆಸರಿನವರು ಇಲ್ಲ ಎಂದರು. ಪಕ್ಕದ ಕೌಂಟಿಯಲ್ಲೂ ಇರಲಿಲ್ಲ. ಸಂಜೆಯ ಹೊತ್ತಿಗೆ ಸಿಟ್ಟೆಲ್ಲ ಹೋಗಿ ಬರೀ ಭಯ ಉಳಿಯಿತು. ಇಷ್ಟು ದೊಡ್ಡ ದೇಶದಲ್ಲಿ ನನ್ನ ಒಡಹುಟ್ಟಿದವನು ಎಲ್ಲಿದ್ದಾನೆಂದು ಹೇಳುವವರೇ ಇರಲಿಲ್ಲ.

ದೀಪ ಹಚ್ಚಿ ತಾಯಿ ಬನಶಂಕರಿಯ ಮುಂದೆ ಕುಳಿತೆ. ಬಿಡಿಸು ಎಂದು ಕೇಳಲು ಬಾಯಿ ಬರಲಿಲ್ಲ, ತಪ್ಪು ಅವನದೇ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: "ಯವ್ವಾ, ನಾ ಆಡಿದ ಮಾತು ಖರೆ ಮಾಡಬ್ಯಾಡ. ಅವನ ಮಾರಿ ನನಗ ತೋರಸು."

ಗೆಳೆಯರು ಹೇಳಿದ ಜೈಲಿಗೇ ಹೋಗಿ ಕೇಳೋಣವೆಂದು ಮಂಗಳವಾರ ಸ್ನೇಹಾ ರಜೆ ಹಾಕಿದಳು. "ಅಮ್ಮಾ, ಐ ವಿಲ್ ಡ್ರೈವ್. ಯು ಜಸ್ಟ್ ಸಿಟ್," ಎಂದಳು. ದಾರಿಯುದ್ದಕ್ಕೂ ಅವಳು ಹಾಡು ಹಾಕಲಿಲ್ಲ. ಜೈಲಿನ ಮುಂಗೋಣೆಯ ಗೋಡೆಯಲ್ಲಿ ಒಳಗಿರುವವರಿಗೆ ದುಡ್ಡು ಹಾಕುವ, ಎಟಿಎಂ ಥರದ ಒಂದು ಯಂತ್ರವಿತ್ತು. ಅಲ್ಲೂ ಹೆಸರು ಹೊಡೆದೆ. ಅದೇ ಉತ್ತರ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟೆ.

ಪಕ್ಕದಲ್ಲಿ ಒಬ್ಬ ಮೆಕ್ಸಿಕನ್ ಅಜ್ಜಿ ಕುಳಿತಿದ್ದರು. ಮೊಮ್ಮಗನಿಗೆ ದುಡ್ಡು ಹಾಕಲು ಪ್ರತಿ ವಾರ ಬರುತ್ತಾರಂತೆ. ನನ್ನ ಕಥೆ ಕೇಳಿ, ತಮ್ಮ ಹರಕು ಇಂಗ್ಲಿಷಿನಲ್ಲಿ, "ನೀನು ಕರೆಯುವ ಹೆಸರು ಇವರಿಗೆ ಬೇಡ ಮಗಳೇ. ಅವನ ಕಾಗದದಲ್ಲಿ ಏನಿದೆ? ನನ್ನ ಮೊಮ್ಮಗನದನ್ನೂ ಹಿಂದುಮುಂದು ಬರೆದಿದ್ದಾರೆ," ಎಂದರು.

ಆಗ ನನಗೆ ಹೊಳೆಯಿತು. ಮಹೇಶನ ಪಾಸ್‌ಪೋರ್ಟಿನಲ್ಲಿ ಮೊದಲ ಹೆಸರಿನ ಜಾಗ ಖಾಲಿ. ಅವನ ಹೆಸರು, ಅಪ್ಪನ ಹೆಸರು ಎರಡೂ ಕೊನೆಯ ಹೆಸರಿನ ಜಾಗದಲ್ಲಿವೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಅವನು ಬಂದ ಹೊಸದರಲ್ಲಿ ಟಪಾಲೆಲ್ಲ ಆ ಮೂರಕ್ಷರದ ಹೆಸರಿಗೇ ಬರುತ್ತಿತ್ತು, ನಾವು ನಗುತ್ತಿದ್ದೆವು.

ಎದ್ದು ಮೊದಲ ಹೆಸರಿನ ಜಾಗದಲ್ಲಿ ಆ ಮೂರಕ್ಷರವನ್ನೇ ಹೊಡೆದೆ. ಹುಟ್ಟಿದ ದಿನಾಂಕದ ಸಮೇತ ನನ್ನ ತಮ್ಮ ಪರದೆಯ ಮೇಲೆ ಬಂದ. ಆ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ನಾನು ಕೈ ಮುಗಿದೆ. ಒಂದೊಂದೇ ನೋಟು ತೂರಿಸಿದೆ. ಕಳಿಸುವವರ ಹೆಸರು ಕೇಳಿತು. ಶಾರದಾ ಎಂದು ನನ್ನ ಹೆಸರನ್ನೇ ಹಾಕಿದೆ.

ಮರಳಿ ಬರುವ ದಾರಿಯಲ್ಲಿ, ವೇಕೋ ಊರು ದಾಟುವಷ್ಟರಲ್ಲಿ ಫೋನ್ ಬಂತು.

"ಅಕ್ಕಾ." ಮಹೇಶನ ದನಿ. ಆಮೇಲೆ, "ಯಾರೋ ರೊಕ್ಕ ಹಾಕ್ಯಾರ ಅಂತ ಚೀಟಿ ಕೊಟ್ರು. ನಿನ್ನ ಹೆಸರಿತ್ತು. ನಾಳೆ ಕೋರ್ಟಿನ್ಯಾಗ ಏನ್ ಕಾಗದ ಕೊಟ್ರೂ ಸಹಿ ಮಾಡಿಬಿಡೋದಂತ ಕುಂತಿದ್ದೆ. ಯಾರದಾರ ನನಗ ಅಂತ."

"ನಾ ಸತ್ತೀನೇನು? ಸಹಿ ಮಾಡಬ್ಯಾಡ. ವಕೀಲರು ಬೇಕಂತ ಕೇಳು. ಉಂಡ್ಯಾ?"

"ಬ್ರೆಡ್ ತಿಂದೆ."

ಆ ವಾರದ ಕೊನೆಯಲ್ಲಿ ವಿಡಿಯೋ ಭೇಟಿ ಸಿಕ್ಕಿತು. ಗಡ್ಡ ಬೆಳೆದ, ಸೊರಗಿದ ಆ ಮುಖವನ್ನು ಪುಟ್ಟ ಪರದೆಯ ಮೇಲೆ ನೋಡಿದೆ. ತಾಯಿ ನಡೆಸಿಕೊಟ್ಟಳು.

ಶಿಕ್ಷೆ ತಪ್ಪಲಿಲ್ಲ. ಕೆಲವು ವಾರ ಒಳಗಿದ್ದ, ಲೈಸೆನ್ಸ್ ಹೋಯಿತು, ಕೆಲಸವೂ ಹೋಗುವುದರಲ್ಲಿತ್ತು. ಈಗ ನಮ್ಮ ಮನೆಯಲ್ಲೇ ಇದ್ದಾನೆ. ಕುಡಿತ ಬಿಡುವವರ ಸಭೆಗೆ ವಾರಕ್ಕೆರಡು ಸಲ ನಾನೇ ಬಿಟ್ಟು ಬರುತ್ತೇನೆ. ಮುಂದೇನೋ ಗೊತ್ತಿಲ್ಲ. ದೇವಿಯನ್ನು ನಾನು ಇಷ್ಟು ವರ್ಷ ಗರ್ಭಗುಡಿಯಲ್ಲೇ ಹುಡುಕಿದವಳು. ಜೈಲಿನ ಕುರ್ಚಿಯಲ್ಲಿ ಪಕ್ಕಕ್ಕೆ ಬಂದು ಕುಳಿತು ಮಗಳೇ ಎಂದಾಳೆಂದು ಎಣಿಸಿರಲಿಲ್ಲ. ಆ ಅಜ್ಜಿಯ ಹೆಸರು ಕೇಳುವುದೂ ಮರೆತುಹೋಯಿತು. ಶುಕ್ರವಾರದ ಪೂಜೆಯಲ್ಲಿ ಅವರ ಮೊಮ್ಮಗನಿಗೆಂದು ಒಂದು ಹೂವು ಇಡುತ್ತೇನೆ.

ಇದನ್ನು ಬರೆಯುವ ಮೊದಲು ಮಹೇಶನನ್ನು ಕೇಳಿದೆ. ನಾಲ್ಕು ಜನ ಓದುತ್ತಾರೆ, ನಿನ್ನ ಹೆಸರು ಬಿಟ್ಟು ಬರೆಯಲೇ ಎಂದೆ. ಅವನು ರೊಟ್ಟಿ ಬಡಿಯುತ್ತಿದ್ದವನು ಕೈ ನಿಲ್ಲಿಸಿದ.

"ಹೆಸರು ಹಾಕೇ ಬರಿ ಅಕ್ಕಾ," ಎಂದ. "ನನ್ನಂಗ ಒಳಗಿದ್ದವರ ಮನಿಯವರು ಯಾರರ ಓದಿದ್ರ, ಹೋಗಿ ಹುಡುಕ್ತಾರ."