ಕೂತುಬಿಟ್ಟ ಮೇಷ್ಟ್ರು

ಹಲಸೂರಿನ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ವಿಶ್ವಾಸ ಪ್ರಮಾಣ, ಅಂದರೆ ಪ್ರತಿ ಭಾನುವಾರ ಎಲ್ಲರೂ ಎದ್ದುನಿಂತು ಹೇಳುವ ನಂಬಿಕೆಯ ಮಾತುಗಳನ್ನು, ಕಲಿಸುತ್ತಿದ್ದ ಮೇಷ್ಟ್ರು ವಾರವೆಲ್ಲ ಫ್ಯಾಕ್ಟರಿಯಲ್ಲಿ ಫಿಟ್ಟರ್ ಕೆಲಸ ಮಾಡುತ್ತಿದ್ದರು. ಉಗುರಿನ ಸಂದಿಯ ಗ್ರೀಸು ಭಾನುವಾರವೂ ಹೋಗಿರುತ್ತಿರಲಿಲ್ಲ. ಯಾರಾದರೂ ಗಿಣಿಪಾಠ ಒಪ್ಪಿಸಿದರೆ ಆ ಕೈಯೆತ್ತಿ ತಡೆಯುತ್ತಿದ್ದರು. "ನಂಬುತ್ತೇನೆ ಅಂತ ಬರೆದಿದೆ, ನಂಬುತ್ತೇವೆ ಅಂತಲ್ಲ. ನೀನು ನಂಬಿದ್ರೆ ಹೇಳು."

ಎಪ್ಪತ್ತರ ದಶಕದ ಆರಂಭ. ನನಗಾಗ ಹದಿನಾಲ್ಕು. ಒಂದು ಗುರುವಾರ ಅವರ ಹೆಂಡತಿಯನ್ನು ಮಣ್ಣು ಮಾಡಿದೆವು. ಭಾನುವಾರ ಮೇಷ್ಟ್ರು ಎಂದಿನಂತೆ ಮುಂದಿನ ಸಾಲಿನಲ್ಲಿ ನಿಂತು ಎಲ್ಲರೊಡನೆ ಪ್ರಮಾಣ ಹೇಳುತ್ತಿದ್ದರು. ಸತ್ತವರು ಮತ್ತೆ ಎದ್ದುಬರುವುದನ್ನು ನಂಬುತ್ತೇನೆ ಎನ್ನುವ ಮಾತು ಬಂದಾಗ ಬಾಯಿ ಮುಚ್ಚಿ ಕೂತುಬಿಟ್ಟರು. ಹಿಂದಿನ ಸಾಲುಗಳಲ್ಲಿ ದನಿಗಳು ಒಂದೊಂದಾಗಿ ನಿಂತುಹೋದವು.

ಹೊರಗೆ ಬಂದ ಮೇಲೆ ಕೇಳಿದೆ. "ಮೇಷ್ಟ್ರೇ, ಯಾಕೆ ಕೂತ್ಕೊಂಡ್ರಿ?"

"ಇವತ್ತು ಹೇಳಿದ್ರೆ ಸುಳ್ಳಾಗ್ತಿತ್ತಮ್ಮ."

ಚರ್ಚಿನ ಹಿರಿಯರು ಸೇರಿ ಅವರಿಂದ ತರಗತಿ ಬಿಡಿಸಿದರು. ಮೇಷ್ಟ್ರು ವಾದಿಸಲಿಲ್ಲ. ಪ್ರತಿ ಭಾನುವಾರ ಬಂದು, ಆ ಮಾತಿಗೆ ಸರಿಯಾಗಿ ಕೂರುತ್ತಿದ್ದರು.

ಈಸ್ಟರ್ ಕಳೆದು ಎಷ್ಟೋ ವಾರಗಳ ಮೇಲೆ ಒಂದು ದಿನ ಕೂರಲಿಲ್ಲ. ನಾವೆಲ್ಲ ಆಮೆನ್ ಹೇಳಿ ಮುಗಿಸಿದ್ದೆವು. ಅವರೊಬ್ಬರೇ, ಭಾರದ ಸಾಮಾನು ಎತ್ತಿಡುವಂತೆ ಒಂದೊಂದೇ ಪದ, ಆ ಮಾತನ್ನು ಇನ್ನೂ ಹೇಳುತ್ತಿದ್ದರು. ಪಾದ್ರಿಗಳು ಪುಸ್ತಕ ಮುಚ್ಚದೆ ಕಾದರು.