ತುಕ್ಕು ಹಿಡಿಯದ ಪಾತಾಳಗರಡಿ

ತಾವರಗೇರಾದ ನಮ್ಮ ಓಣಿಯಲ್ಲಿ ಬಾವಿಗೆ ಕೊಡ ಬೀಳಿಸದ ಹೆಂಗಸೇ ಇರಲಿಲ್ಲ. ಹಗ್ಗ ಹಳೆಯದು, ಬಾವಿ ಆಳ, ನಮಗೆ ಮಾತು ಜಾಸ್ತಿ. ಕೊಡ ಬಿದ್ದರೆ ನೇರ ಕಳಕಮ್ಮನ ಮನೆಗೆ ಓಡಬೇಕು. ಕೊಕ್ಕೆಗಳ ಗೊಂಚಲಿನಂಥ ಪಾತಾಳಗರಡಿ ಇಡೀ ಓಣಿಗೆ ಅವಳೊಬ್ಬಳ ಹತ್ತಿರ ಇತ್ತು. ಅದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ ಆಡಿಸಿದರೆ ಕೊಡದ ಕಂಠ ಯಾವುದಾದರೊಂದು ಕೊಕ್ಕೆಗೆ ಸಿಗುತ್ತಿತ್ತು.

ಕಳಕಮ್ಮನ ಗಂಡ ಕಿರಾಣಿ ಅಂಗಡಿ ಇಟ್ಟಿದ್ದವನು, ತೀರಿಕೊಂಡು ಹತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗರಡಿ ಕೊಡುವಾಗ ಅವಳು ಒತ್ತೆಗೆ ಒಂದು ಪಾತ್ರೆ ಇಡಿಸಿಕೊಳ್ಳುತ್ತಿದ್ದಳು. ಅದು ಎಲ್ಲ ಊರಿನ ರೂಢಿ. ಅವಳದೇ ಕರಾರು ಇನ್ನೊಂದಿತ್ತು: ಹೊತ್ತು ಮುಳುಗುವುದರೊಳಗೆ ತಂದು ಕೊಡಬೇಕು, ಎಣ್ಣೆ ಸವರಿ ಮುಗಿಯುವ ತನಕ ಕೂತಿರಬೇಕು. ನಮ್ಮದು ಸವಳು ನೀರು, ಕಬ್ಬಿಣವನ್ನು ತಿಂದುಬಿಡುತ್ತದೆ. ಒಂದೊಂದೇ ಕೊಕ್ಕೆ ಒರೆಸಿ, ಕುಸುಬಿ ಎಣ್ಣೆ ಹಚ್ಚಿ, ಯಾವುದೂ ಮುರಿದಿಲ್ಲವೆಂದು ನಮ್ಮೆದುರೇ ನೋಡಿ, ಆಮೇಲೆ ಒತ್ತೆಯ ಪಾತ್ರೆ ವಾಪಸು. ಅಷ್ಟರಲ್ಲಿ ಯಾರ ಸೊಸೆ ಬಸುರಿ, ಯಾರ ಎಮ್ಮೆ ಈದಿತು, ಎಲ್ಲವನ್ನೂ ಕೇಳಿರುತ್ತಿದ್ದಳು. ಮುದುಕಿ ಜಿಗಣೆ ಇದ್ದ ಹಾಗೆ, ಹಿಡಿದರೆ ಬಿಡುವುದಿಲ್ಲ ಎಂದು ನಾವು ಹೊರಗೆ ಬಂದು ನಗುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಎರಡನೆಯ ದೊಡ್ಡ ಯುದ್ಧ ಮುಗಿದ ವರ್ಷ ಹಳೆಯ ಗರಡಿಯ ಕೊಕ್ಕೆಗಳು ತುಕ್ಕು ಹಿಡಿದು ಉದುರತೊಡಗಿದವು. ಕಂಬಾರ ಮುದುಕಪ್ಪನ ಕುಲುಮೆಗೆ ಅವಳನ್ನು ಕರೆದುಕೊಂಡು ಹೋದೆ. ಅವನಲ್ಲಿ ಗಂಗಾವತಿಯ ಯಾವುದೋ ಗಿರಣಿಯ ಕೆಟ್ಟ ಪಂಪಿನಿಂದ ಬಂದ ಬೆಳ್ಳನೆಯ ಸಲಾಕೆಗಳಿದ್ದವು.

“ಇದು ವಿಲಾಯ್ತಿ ಉಕ್ಕು ನೋಡ್ರಿ ಅವ್ವಾರ, ತುಕ್ಕು ಹಿಡಿಯಂಗಿಲ್ಲ,” ಅಂದ ಮುದುಕಪ್ಪ. “ಕಬ್ಬಿಣ ನನ್ನ ಮಾತ ಕೇಳ್ತೈತಿ, ಕಾಸಿ ಬಡದ್ರ ಒಂದಕ್ಕೊಂದು ಕೂಡ್ತೈತಿ. ಇದು ಕೂಡಂಗಿಲ್ಲ, ತೂತ ಹೊಡದು ಮೊಳಿ ಜಡೀಬೇಕು. ಆದ್ರ ಒಮ್ಮಿ ಮಾಡಿದ್ರ ನಿಮ್ಮ ಜನ್ಮಕ್ಕ ಸಾಕು. ಯಾವುದರಾಗ ಮಾಡ್ಲಿ?”

ಕಳಕಮ್ಮ ಸಲಾಕೆಯನ್ನು ಮುಟ್ಟಿ ನೋಡಿ ಕೈ ಹಿಂದೆಗೆದಳು. “ಕಬ್ಬಿಣದ್ದ ಇರ್ಲಿ ಬಿಡಪ್ಪ.”

ನನಗೆ ಸಿಟ್ಟು ಬಂತು. “ಅತ್ತಿ, ಎಣ್ಣಿ ಉಳೀತೈತಿ, ನಿಮ್ಮ ಕೈಗೂ ಆರಾಮಾಗ್ತೈತಿ. ಉಕ್ಕಿಂದ ಮಾಡಸ್ರಿ,” ಎಂದು ದುಂಬಾಲು ಬಿದ್ದೆ. ಅವಳು ನನ್ನ ಮುಖ ನೋಡಿ ಹೂಂ ಅಂದಳು.

ಹೊಸ ಗರಡಿ ನೋಡಲು ಮೊದಲ ವಾರ ಓಣಿಯೆಲ್ಲ ಬಂತು. ಆಮೇಲೆ ಒಂದು ದಿನ ನಮ್ಮ ಓಣಿಯ ದುರುಗವ್ವ ಕೊಡ ತೆಗೆದವಳು ಅದನ್ನು ಬಾವಿಯ ಕಂಬಕ್ಕೇ ತೂಗುಹಾಕಿದಳು. “ಇದಕ್ಕೇನಾಗ್ತೈತಿ? ಇಲ್ಲೇ ಇರ್ಲಿ, ಎಲ್ಲಾರಿಗೂ ಬೇಕಲ್ಲ,” ಅಂದಳು. ಹೌದಲ್ಲ ಎಂದು ನಮಗೆಲ್ಲ ಅನಿಸಿತು. ಕಳಕಮ್ಮ ತಕರಾರು ಮಾಡಲಿಲ್ಲ. ತುಕ್ಕಿಲ್ಲ, ಎಣ್ಣೆ ಬೇಕಿಲ್ಲ. ಯಾವ ನೆಪ ಹೇಳಿ ವಾಪಸು ಕೇಳಿಯಾಳು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರಲ್ಲ, ಹಾಗಾಯಿತು. ಅವಳ ಹೊಸ್ತಿಲು ತುಳಿಯುವವರು ಇಲ್ಲದಾದರು.

ಬೇಸಿಗೆಯಲ್ಲಿ ಒಮ್ಮೆ ನೀರು ಸೇದುವಾಗ ನನ್ನ ಪಕ್ಕದವಳ ಕೊಡ ಧಡ್ಡನೆ ಬಿತ್ತು. ಬಾವಿಗೆದುರಿನ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ ಕಳಕಮ್ಮ ತಟ್ಟನೆ ಎದ್ದು, ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು. ಯಾರೂ ಅತ್ತ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಕೂತಳು. ನಾನು ನೋಡಿಯೂ ನೋಡದವಳಂತೆ ಕೊಡ ಹೊತ್ತು ಮನೆಗೆ ಬಂದೆ.

ಮಳೆಗಾಲಕ್ಕೆ ಮುಂಚೆ ಮುದುಕಪ್ಪ ನಗುತ್ತ ಒಂದು ಸುದ್ದಿ ಹೇಳಿದ. ಮುದುಕಿ ಒಬ್ಬಳೇ ಕುಲುಮೆಗೆ ಹೋಗಿ, ಕಬ್ಬಿಣದಲ್ಲಿ ಇನ್ನೊಂದು ಗರಡಿ ಮಾಡಿಕೊಡು ಅಂದಳಂತೆ.

“ಉಕ್ಕಿಂದು ಛಲೋ ಐತಲ್ರಿ, ಯಾಕ ಅಂತ ಕೇಳಿದೆ. ಏನಂದ್ರು ಗೊತ್ತೈತೇನು? ‘ಭಾಳ ಛಲೋ ಐತಿ. ಅದಕ್ಕ ನಾ ಮಂದಿಗೆ ಬ್ಯಾಡಾಗೀನಿ’ ಅಂದ್ರು.”

ನನಗೆ ನಗು ಬರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು.

ಕಬ್ಬಿಣದ ಗರಡಿ ಅವಳ ಬಾಗಿಲ ಪಕ್ಕದ ಗೂಟದಲ್ಲಿ ತಿಂಗಳುಗಟ್ಟಲೆ ತೂಗಿತು. ಬಾವಿಯ ಮೇಲೆ ಒಂದಿರುವಾಗ ಅದು ಯಾರಿಗೆ ಬೇಕು? ಕೊನೆಗೆ ನಾನೇ ಹೋದೆ.

“ಅತ್ತಿ, ಕೊಡ ಬಿತ್ತು. ಗರಡಿ ಕೊಡ್ರಿ.”

“ಬಾವಿ ಮ್ಯಾಲ ಆ ಬೆಳ್ಳಗಿಂದು ಐತಲ್ಲಬೇ ಪಂಪವ್ವ?”

“ಅದಕ್ಕ ಸಿಗವಲ್ದುರಿ.”

ಒತ್ತೆ ಕೇಳುವುದನ್ನೂ ಮರೆತು ಗೂಟದಿಂದ ಇಳಿಸಿ ಕೊಟ್ಟಳು. ನನ್ನ ಕೊಡ ಅಡಿಗೆಮನೆಯಲ್ಲೇ ತುಂಬಿಕೊಂಡು ಕೂತಿತ್ತು. ಬಾವಿಕಟ್ಟೆಯ ಮರೆಯಲ್ಲಿ ಸ್ವಲ್ಪ ಹೊತ್ತು ಕಳೆದು ವಾಪಸು ಬಂದೆ. ದಡ್ಡಿ ನಾನು, ಗರಡಿಯನ್ನು ನೀರಿಗೆ ಅದ್ದುವುದು ಹೊಳೆದೇ ಇರಲಿಲ್ಲ. ಕಳಕಮ್ಮ ಕೊಕ್ಕೆಗಳ ಮೇಲೆ ಕೈಯಾಡಿಸಿದಳು. ಒಣಗಿದ್ದವು, ಕುಲುಮೆಯ ಮಸಿಯೂ ಹೋಗಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ತಲೆ ತಗ್ಗಿಸಿದೆ.

“ಭಾಳ ಹೊತ್ತು ನೀರಾಗ ಇದ್ದು ಬಂದೈತಿ,” ಅನ್ನುತ್ತ ಅವಳು ಎಣ್ಣೆಯ ಬಟ್ಟಲು ಎಳೆದುಕೊಂಡಳು. “ಒರಸಾಕ ಹೊತ್ತು ಹಿಡೀತೈತಿ. ಕುಂದ್ರು.”